ಅತ್ತಿ ಕೊಳ್ಳಾಗಿನ ಬಂಗಾರ, ಸೊಸಿ ಕಪಾಟಿನ ರೈಫಲ್

ಲಂಡನ್ನಿನ ಫೆಲ್ಥಮ್‌ದಾಗ ವಿಮಾನ ತಲಿ ಮ್ಯಾಲಿಂದನ ಇಳೀತಾವಲ್ಲ, ಆ ಸಾಲುಮನಿ ಪೈಕಿ ಒಂದರಾಗ ನಾಗವ್ವ ಅಂತ ಅತ್ತಿ, ಐಶ್ವರ್ಯಾ ಅಂತ ಸೊಸಿ. ನಾಗವ್ವ ವಿಜಯಪುರದಾಗ ದೊಡ್ಡ ಮನಿ ಕೀಲಿಕೈ ಗೊಂಚಲ ಟೊಂಕಕ್ಕ ಸಿಗಿಸ್ಕೊಂಡು ಓಡಾಡಿದಾಕಿ. ಲಂಡನ್ನಿಗೆ ಬಂದ ಮ್ಯಾಲೂ ಅಷ್ಟ. ಮುಂಬಾಗಿಲದ್ದು, ಹಿತ್ತಲ ಶೆಡ್ಡಿಂದು, ಮಗ ರುದ್ರೇಶನ ಕಾರಿಂದು, ಎಲ್ಲಾ ಕೀಲಿಕೈ ಆಕಿ ಕಣ್ಣಳತಿಯೊಳಗ. ಒಂದ ಒಂದು ಬಿಟ್ಟು.

ಆ ಒಂದು ಕೀಲಿಕೈ ಮ್ಯಾಲಿನ ಸಣ್ಣ ಖೋಲಿಯಾಗಿನ ಉಕ್ಕಿನ ಕಪಾಟಿಂದು. ಗ್ವಾಡಿಗೆ ಬೋಲ್ಟ್ ಹೊಡದು ಕೂಡಿಸಿದ ಕಪಾಟ. ಅದರಾಗ ಐಶ್ವರ್ಯಾನ ರೈಫಲ್ ಇತ್ತು.

ಹೌದ್ರಿ, ರೈಫಲ್. ಸೊಸೀದು. ಹುಬ್ಬ ಏರಿಸಬ್ಯಾಡ್ರಿ.

ಐಶ್ವರ್ಯಾ ಬೆಳಗಾವ್ಯಾಕಿ. ಕಾಲೇಜಿನ್ಯಾಗ ಎನ್‌ಸಿಸಿ. ನೆಲಕ್ಕ ಹೊಟ್ಟಿ ಹಚ್ಚಿ ಪಾಯಿಂಟ್ ಟೂ ಟೂ ರೈಫಲ್ ಹೊಡದು ಹೊಡದು ರುಚಿ ಹತ್ತಿತ್ತು. ಮುಂದ ಲಗ್ನ ಆತು, ಲಂಡನ್ ಆತು, ಹೀಥ್ರೂ ಕಾರ್ಗೋ ಶೆಡ್ಡಿನ್ಯಾಗ ಸ್ಕ್ಯಾನರ್ ಮುಂದ ಕುಂತು ಮಂದಿ ಪೆಟಗಿ ನೋಡೋ ಕೆಲಸಾನೂ ಆತು. ಜೋಡಿ ಕೆಲಸ ಮಾಡಾಕಿ ಒಬ್ಬಾಕಿ ಒಂದ್ಸಲ ಶೂಟಿಂಗ್ ಕ್ಲಬ್ಬಿಗೆ ಕರಕೊಂಡು ಹೋದ್ಲು ನೋಡ್ರಿ, ಅಲ್ಲಿಗೆ ಮುಗೀತು. ಕ್ಲಬ್ಬಿನ ಮೆಂಬರ್ ಆಗೋದು, ಪೊಲೀಸರ ವಿಚಾರಣಿ, ಜಿಪಿ ಡಾಕ್ಟರ್ ಕಡಿಂದ ತಲಿ ನೆಟ್ಟಗ ಐತಿ ಅಂತ ಕಾಗದ. ರೈಫಲ್ ಇಟ್ಕೊಳ್ಳೋ ಸರ್ಟಿಫಿಕೇಟ್ ಕೈಗೆ ಬರೋದ್ರಾಗ ರುದ್ರೇಶ, "ಸಾಕ ಮಾಡು ತಾಯಿ, ಮನಿ ತಗೊಳ್ಳಾಕೂ ಇಷ್ಟ ಒದ್ದಾಡಲಿಲ್ಲ ನಾವು," ಅಂತ ಕೈ ಮುಗದಿದ್ದ.

ಆಕಿಗೆ ಲಿವರ್ ಆ್ಯಕ್ಷನ್ನೇ ಬೇಕಾಗಿತ್ತು. ಹಿಡಿಕಿ ಕೆಳಗ ಒಂದು ಉಕ್ಕಿನ ಬಳಿ ಇರತೈತಿ. ಬೆರಳು ತೂರಿಸಿ ಕೆಳಗ ದೂಡಿದ್ರ ಖಾಲಿ ಕಾಡತೂಸು ಹಾರಿ ಬೀಳತೈತಿ, ಮ್ಯಾಲ ಎಳದ್ರ ಹೊಸಾದು ಒಳಗ ಹೋಗಿ ಕೂಡತೈತಿ. ಅಂಗಡಿಯಾಂವ ಎರಡು ತಂದು ಮುಂದ ಇಟ್ಟ. ಒಂದು ಹಳೇದು. ಅಕ್ರೋಟದ ಕಟಗಿ, ಹಿತ್ತಾಳಿ ಹೊಳಪು, ನೋಡಿದ್ರ ಎತ್ತಿ ಮುದ್ದಾಡಬೇಕು, ಹಂಗ. ಇನ್ನೊಂದು ಹೊಸ ಕಾಲದ್ದು. ಕರೇ ಪ್ಲಾಸ್ಟಿಕ್ ಹಿಡಿಕಿ, ಹೊಳಪಿಲ್ಲದ ಉಕ್ಕಿನ ನಳಿಗಿ, ತುದೀಗೆ ಒಂದು ಹಸರ ಚುಕ್ಕಿ.

"ಹಳೇದನ್ನ ತಗೋ," ಅಂದ ರುದ್ರೇಶ. "ಗ್ವಾಡಿಗೆ ಹಾಕಿದ್ರ ಚಂದ ಕಾಣತೈತಿ."

"ಗ್ವಾಡಿಗೆ ಹಾಕಾಕ ನಿನ್ನ ಫೋಟೋ ಐತಿ. ಸುಮ್ನಿರು."

ಎರಡನ್ನೂ ರೇಂಜಿಗೆ ಒಯ್ದು ಹೊಡದು ನೋಡಿದ್ಲು. ಹಳೇದರ ಲಿವರ್ ಲಟಲಟ ಅಂತಿತ್ತು, ನಡುನಡುವ ಕಾಡತೂಸು ಬಾಯಿಗೆ ಬಂದು ಸಿಕ್ಕೊಳ್ಳತಿತ್ತು. ಕರೇದು ಒಮ್ಮೆನೂ ತಡವರಿಸಲಿಲ್ಲ. ಟ್ರಿಗರ್ ಮಾತ್ರ ಸ್ವಲ್ಪ ಭಾರ. "ಭಾರ ಇದ್ರ ಇರಲಿ," ಅಂದ್ಲು ಐಶ್ವರ್ಯಾ. "ದಿನಾ ಅಷ್ಟ ಭಾರ ಇದ್ರ ಕೈಗೆ ರೂಢಿ ಆಗತೈತಿ. ಒಂದು ದಿನಾ ಹಿಂಗ, ಒಂದು ದಿನಾ ಹಂಗ ಅಂದ್ರ ಅದರ ಜೋಡಿ ಬಾಳೇನ ಆಗಂಗಿಲ್ಲ." ಕರೇದು ಮನಿಗೆ ಬಂತು. ಲಂಡನ್ನಿನ್ಯಾಗ ಬರೇ ಆಕೀದು ಅನ್ನೋದು ಅದೊಂದ. ಮನಿ ಇಬ್ಬರದು, ಸಾಲ ಇಬ್ಬರದು, ಅಡಗಿಮನಿ ಅಂತೂ ಅತ್ತೀದು.

ಆದ್ರ ಇಲ್ಲೀ ಕಾನೂನು ಭಾಳ ಬಿಗಿ. ಕಪಾಟಿನ ಕೀಲಿಕೈ ಎಲ್ಲೈತಿ ಅಂತ ಸರ್ಟಿಫಿಕೇಟ್ ಇದ್ದಾಕಿಗೆ ಬಿಟ್ಟು ಯಾರಿಗೂ ಗೊತ್ತಿರಬಾರದು. ಗಂಡಗೂ ಗೊತ್ತಿರಬಾರದು. ಗೊತ್ತಾತಂದ್ರ ಸರ್ಟಿಫಿಕೇಟ್ ಹೋತು, ರೈಫಲ್ಲೂ ಹೋತು.

ನಾಗವ್ವಗ ಇದು ಗಂಟಲಾಗ ಇಳೀಲಿಲ್ಲ. "ಸೊಸಿ ಅತ್ತಿಗೆ ಕಾಣದಂಗ ಕೀಲಿಕೈ ಮುಚ್ಚಿಡಬೇಕು ಅಂತ ಸರ್ಕಾರನ ಹೇಳತೈತೇನು? ಇದು ಎಂಥಾ ದೇಶನವಾ!"

ಅಷ್ಟರಾಗ ಓಣಿಯಾಗ ಒಂದು ಗುಜರಾತಿ ಮನಿಗೆ ಕಳ್ಳರು ಹೊಕ್ಕು ಬಂಗಾರ ಬಳಕೊಂಡು ಹೋದ್ರು. ನಾಗವ್ವ ಊಟಾ ಬಿಟ್ಲು. ರುದ್ರೇಶಗ ಹೊಳೀತು: ಮನ್ಯಾಗ ಉಕ್ಕಿನ ಕಪಾಟ ಐತಿ, ಅದರಾಗ ಇಡೋಣು. ಐಶ್ವರ್ಯಾಗ ಮನಸಿರಲಿಲ್ಲ, ಆದ್ರ ಅತ್ತಿ ಮುಖಾ ನೋಡಿ ಹೂಂ ಅಂದ್ಲು. ಅವತ್ತಿಂದ ಬೋರಮಾಳ, ಟೀಕಿ, ಪಾಟ್ಲಿ ಎಲ್ಲಾ ರೈಫಲ್ ಪಕ್ಕಕ್ಕ. ಬೇಕಾದಾಗ ಐಶ್ವರ್ಯಾನ ಒಳಗ ಹೋಗಿ, ಬಾಗಲಾ ಹಾಕ್ಕೊಂಡು, ತಗದು ತಂದು ಕೊಡಬೇಕು. ನಾಗವ್ವ ಹೊರಗ ನಿಂತು ಕಾಯಬೇಕು. "ನನ್ನ ಬಂಗಾರ ನೋಡಾಕ ನಾನೇ ಪಾಳಿ ಹಚ್ಚಬೇಕು," ಅಂತ ಗೊಣಗೋದು ಬಾಗಲಾ ದಾಟಿ ಒಳಗ ಕೇಳಸತಿತ್ತು.

ಸರ್ಟಿಫಿಕೇಟ್ ರಿನ್ಯೂ ಮಾಡೋ ವ್ಯಾಳ್ಯಾ ಬಂತು. ಶನಿವಾರ ಪೊಲೀಸ್ ಕಡೆಯಿಂದ ಒಬ್ಬ ಆಫೀಸರ್ ಮನಿ ನೋಡಾಕ ಬರ್ತಾರ ಅಂತ ಫೋನ್ ಬಂತು. ಅವತ್ತ ಮಧ್ಯಾಹ್ನ ಕೊಲಿಂಡೇಲ್‌ದಾಗ ಮಾಳವಿಕಾ ಅಂತ ಬಸರಿ ಗೆಳತೀದು ಕುಬಸ. ಐಶ್ವರ್ಯಾಗ ಮುಂಜಾನಿ ಡ್ಯೂಟಿ. ಬಡಬಡ ಮುಗಿಸಿ, ಬಸ್ ಇಳದು, ಓಡಿಕೋತ ಮನಿಗೆ ಬಂದ್ಲು.

ಹಾಲ್‌ನ್ಯಾಗ ನಾಗವ್ವ ಕುಂತಿದ್ಲು. ಇಳಕಲ್ ಸೀರಿ. ಮೂಗಿಗೆ ನತ್ತು. ಕೊಳ್ಳಾಗ ಬೋರಮಾಳ.

ಐಶ್ವರ್ಯಾನ ಕಾಲು ಅಲ್ಲೇ ನಿಂತ್ವು. ಬೋರಮಾಳ ಕಪಾಟಿನ್ಯಾಗಿತ್ತು. ಆಕಿ ತಗದು ಕೊಟ್ಟಿರಲಿಲ್ಲ.

"ಅತ್ತೀ... ಇದು ಎಲ್ಲಿಂದ ಬಂತು?"

"ಎಲ್ಲಿಂದ ಬರತೈತಿ? ನಿನ್ನ ತಿಜೂರ್ಯಾಗಿಂದ," ಅಂದ್ಲು ನಾಗವ್ವ ಆರಾಮ. "ನೀ ಬರೋದು ತಡ ಆಗತೈತಿ ಅಂತ ನಾನೇ ತಗೊಂಡೆ."

"ಕೀಲಿಕೈ?"

"ಬಚ್ಚಲದಾಗ ಪ್ಯಾಡಿನ ಪಾಕೀಟಿನ್ಯಾಗ ಇಟ್ಟಿದ್ಯಲ್ಲ. ಗಂಡಸರು ಮುಟ್ಟಂಗಿಲ್ಲ ಅಂತ ಶಾಣ್ಯಾತನಾ ಮಾಡಿದಿ. ನಾ ಏನು ಗಂಡಸಾ?"

ಬಾಗಲಾ ಬೆಲ್ ಆತು.

ಆಫೀಸರ್ ನಡು ವಯಸ್ಸಿನ ಹೆಣ್ಮಗಳು, ಬೂಟಿನ್ಯಾಗ ಮಳಿ ನೀರು, ಮುಖದಾಗ ನಗಿ. ಒಳಗ ಬಂದಾಕಿನ ನಾಗವ್ವನ ಕೊಳ್ಳ ನೋಡಿ, "ಎಷ್ಟು ಚಂದ ಐತಿ!" ಅಂತ ಇಂಗ್ಲಿಷಿನ್ಯಾಗ ಅಂದ್ಲು. ನಾಗವ್ವ ಹಿಗ್ಗಿ ಹೀರಿಕಾಯಾಗಿ ಒಂದು ಪ್ಲೇಟ್ ಸೂಸಲಾ ತಂದು ಆಕಿ ಕೈಯಾಗ ಇಟ್ಲು.

ಕಪಾಟ ತೋರಿಸ್ರಿ ಅಂದ್ಲು ಆಫೀಸರ್. ಐಶ್ವರ್ಯಾ ಒಬ್ಬಾಕಿನ ಬಚ್ಚಲಕ್ಕ ಹೋಗಿ ಕೀಲಿಕೈ ತಂದ್ಲು. ಇಟ್ಟಲ್ಲೇ ಇತ್ತು. ತಗದ್ಲು. ರೈಫಲ್ ಇತ್ತು. ಉಸರು ಬಿಟ್ಲು. ನಳಿಗಿ ಗ್ವಾಡಿ ಕಡೆ ಮಾಡಿ, ಲಿವರ್ ಕೆಳಗ ದೂಡಿ, ಒಳಗ ಖಾಲಿ ಐತಿ ಅಂತ ತೋರಿಸಿ, ನಂಬರ್ ಓದಾಕ ಕೊಟ್ಲು.

ಆಫೀಸರ್ ತಿರುವಿ ನೋಡಿದ್ಲು. "ಇದೇನು?"

ಕರೇ ಹಿಡಿಕಿ ಮ್ಯಾಲ ವಿಭೂತಿ ಎಳದಿತ್ತು. ಮೂರು ಬೆರಳು, ಅಚ್ಚುಕಟ್ಟಾಗಿ. ನಡುವ ಕುಂಕುಮದ ಬಟ್ಟು.

ಬಾಗಲದಾಗ ನಿಂತಿದ್ದ ರುದ್ರೇಶಗ ಒಂದ ನೋಟಕ್ಕ ಎಲ್ಲಾ ತಿಳೀತು. ಮೆಟ್ಟಲಾ ಏರಿ ಬಂದಿದ್ದ ಅವ್ವನ ಕೊಳ್ಳ ನೋಡಿದ, ಹೆಂಡ್ತಿ ಮುಖಾ ನೋಡಿದ. ನಗುನಗುತ್ತಾನ, ಕನ್ನಡದಾಗ, ಮೆಲ್ಲಕ ಅಂದ: "'ನಾನೇ ಹಚ್ಚೀನಿ' ಅಂತ ನೀ ಹೇಳು. ನಮ್ಮ ಪದ್ಧತಿ ಅನ್ನು. ಮುಗೀತು."

"ಪೂಜಾ ಮಾಡಿದ್ದು," ಅಂದ್ಲು ಐಶ್ವರ್ಯಾ ಆಫೀಸರಿಗೆ. ಅಲ್ಲೀತನಕಾ ಸುಳ್ಳಲ್ಲ.

"ಹೌದಾ? ಚಂದ ಪದ್ಧತಿ," ಅಂದು ಆಫೀಸರ್ ಪೆನ್ನು ತಗದ್ಲು. "ಎಲ್ಲಾ ಮನ್ಯಾಗೂ ಕೇಳೋ ಒಂದು ಪ್ರಶ್ನಿ. ಕೀಲಿಕೈ ಎಲ್ಲೈತಿ ಅಂತ ಬ್ಯಾರೆ ಯಾರಿಗಾದ್ರೂ ಗೊತ್ತೈತೇನು? ನಿಮ್ಮ ಅತ್ತೀನೂ ಕೇಳಿ ಹೇಳ್ರಿ."

ನಾಗವ್ವಗ ಇಂಗ್ಲಿಷ್ ಬರತಿರಲಿಲ್ಲ. ಕೇಳಾಕೂ ಐಶ್ವರ್ಯಾನ, ಹೇಳಾಕೂ ಐಶ್ವರ್ಯಾನ.

ನಾಗವ್ವ ಮುಂದ ಬಂದ್ಲು. "ಏನಂತಾಳ?"

"ಕೀಲಿಕೈ ಎಲ್ಲೈತಿ ಅಂತ ನಿಮಗ ಗೊತ್ತೈತೇನು ಅಂತ ಕೇಳಾಕತ್ಯಾಳ, ಅತ್ತಿ."

"ಗೊತ್ತೈತಿ ಅನ್ನು! ವಿಭೂತಿ ನಾನೇ ಹಚ್ಚೀನಿ ಅನ್ನು. ಇವತ್ತ ನಿನ್ನ ಪರೀಕ್ಷಾ ಅಂದಿದ್ಯಲ್ಲ. ಪಾಸಾಗಲಿ ಅಂತ ಹಚ್ಚಿ ಕೈ ಮುಗದೀನಿ."

ಆಫೀಸರ್ ಪೆನ್ನು ಹಿಡಕೊಂಡು ಐಶ್ವರ್ಯಾನ ಮುಖಾನ ನೋಡಾಕತ್ತಿದ್ಲು. ರುದ್ರೇಶ ನಗಿ ಬಿಡದಂಗ, "ಇಲ್ಲ ಅಂದಬಿಡು, ಐಶೂ. ಆಕಿಗೇನು ಕನ್ನಡ ಬರತೈತಾ?" ಅಂದ.

ರೇಂಜಿನ್ಯಾಗ ಒಂದು ಪದ್ಧತಿ ಐತಿ. ಹೊಡದು ಮುಗಿದ ಮ್ಯಾಲ ಲಿವರ್ ತಗದು, ಒಳಗ ಖಾಲಿ ನೋಡಿ, "ಕ್ಲಿಯರ್" ಅನ್ನಬೇಕು. ಆ ಮಾತು ಕೇಳಿನ ಎಲ್ಲಾರೂ ಬಂದೂಕಿನ ಮುಂದ ಹಾದು, ಅದಕ್ಕ ಬೆನ್ನ ಕೊಟ್ಟು, ಗುರಿ ಹಲಗಿ ಕಡೆ ನಡೀತಾರ. ಐಶ್ವರ್ಯಾನೂ ಎಷ್ಟೋ ಸಲ ಹಂಗ ನಡದಾಕಿ, ಗುರುತಿಲ್ಲದವರ ಮಾತಿನ ಮ್ಯಾಲ. ನಾಲಿಗಿ ಮ್ಯಾಲ ಬಂದಿದ್ದ 'ಇಲ್ಲ' ಅಲ್ಲೇ ನಿಂತುಬಿಡ್ತು.

"ಗೊತ್ತೈತಿ," ಅಂದ್ಲು ಇಂಗ್ಲಿಷಿನ್ಯಾಗ. "ಇವತ್ತ ತಗದಾರ. ಇದನ್ನ ಹಚ್ಚಿದವರೂ ಅವರ."

ರುದ್ರೇಶ ಗ್ವಾಡಿಗೆ ತಲಿ ಆನಿಸಿದ. ಆಫೀಸರ್ ಅದನ್ನ ಬರಕೊಂಡ್ಲು. ಆಮ್ಯಾಲ, ರೈಫಲ್ ಇವತ್ತ ಈ ಮನ್ಯಾಗ ಇರಂಗಿಲ್ಲ, ಅಂಗಡಿಯಾಂವನ ಸ್ಟ್ರಾಂಗ್ ರೂಮಿಗೆ ಹೋಗತೈತಿ, ಸರ್ಟಿಫಿಕೇಟ್ ವಿಚಾರ ಮ್ಯಾಲಿನವರು ನೋಡ್ತಾರ ಅಂದ್ಲು. ದನಿ ಜೋರಿರಲಿಲ್ಲ. ಅದ ಹೆಚ್ಚು ಹೆದರಿಕಿ.

ಚೀಲದಾಗ ರೈಫಲ್ ಮೆಟ್ಟಲಾ ಇಳೀತು. "ಯಾಕ ಒಯ್ಯಾಕತ್ಯಾಳ?" ಅಂದ್ಲು ನಾಗವ್ವ. "ವಿಭೂತಿ ಹಚ್ಚಿದ್ದು ತಪ್ಪೇನು?"

"ವಿಭೂತಿ ತಪ್ಪಲ್ಲ, ಅತ್ತಿ. ಕೀಲಿಕೈ."

"ಮತ್ತ ನೀ ಯಾಕ ಹೇಳಿದಿ?"

"ನೀವ ಹೇಳು ಅಂದ್ರಿ."

ಮೂವರೂ ಕಾರ್ ಹತ್ತಿ ಕೊಲಿಂಡೇಲ್‌ಕ್ಕ ಹೋದ್ರು. ಕುಬಸದ ಮನ್ಯಾಗ ಯಾರೋ, "ನಾಗಕ್ಕಾ, ಬೋರಮಾಳ ಭಾರಿ ಐತಿ!" ಅಂದ್ರು. ನಾಗವ್ವ ಸೆರಗು ಹೊಚ್ಚಿ ಮುಚ್ಚಿಕೊಂಡು, "ಹೌದವಾ. ಇವತ್ತ ಭಾಳ ತುಟ್ಟಿ ಬಿತ್ತದು," ಅಂದ್ಲು.

ಮುಂದಿನ ದಿನಾ ಹೆಂಗ ಹೋದ್ವು ಕೇಳಬ್ಯಾಡ್ರಿ. ಗುರುತಿಲ್ಲದ ನಂಬರಿಂದ ಫೋನ್ ಬಂದ್ರ ಐಶ್ವರ್ಯಾ ಸ್ಕ್ಯಾನರ್ ಬಿಟ್ಟು ಎದ್ದು ನಿಲ್ಲತಿದ್ಲು. ಕ್ಲಬ್ಬಿಗೆ ಹೋದ್ರೂ ಮಂದಿ ರೈಫಲ್ ತಗೊಂಡು ಹೊಡಿಯಾಕ ಮನಸಾಗಲಿಲ್ಲ. ಕುಂತು ನೋಡಿ ಬರತಿದ್ಲು. ನಾಗವ್ವ ಮಗನ್ನ ಎಬ್ಬಿಸ್ಕೊಂಡು ಸೌತ್‌ಹಾಲ್‌ಕ್ಕ ಹೋಗಿ, ಬಂಗಾರ ಎಲ್ಲಾ ಲಾಕರಿನ್ಯಾಗ ಇಟ್ಟು ಬಂದ್ಲು. ಸೊಸಿಗೆ ಒಂದು ಮಾತೂ ಹೇಳಲಿಲ್ಲ.

ಕಡೀಗೆ ಆಫೀಸರ್ ತಾನೇ ಫೋನ್ ಮಾಡಿದ್ಲು. ಲಿಖಿತ ಎಚ್ಚರಿಕಿ. ಹೊಸ ಕಪಾಟ, ನಂಬರ್ ಒತ್ತಿ ತಗಿಯೋದು. ಅದು ಕೂಡಿದ ಮ್ಯಾಲ ರೈಫಲ್ ಮನಿಗೆ ತರಬಹುದು. ಸರ್ಟಿಫಿಕೇಟ್ ಉಳೀತು. ಐಶ್ವರ್ಯಾ ಕಾರ್ಗೋ ಶೆಡ್ಡಿನ ಹಿಂದ ಹೋಗಿ ಒಬ್ಬಾಕಿನ ಅತ್ತು ಬಂದ್ಲು.

ಕಪಾಟ ಕೂಡಿಸಿ ಮಿಸ್ತ್ರಿ ಹೋದ ಮ್ಯಾಲ ಆಕಿ ಸಣ್ಣ ಖೋಲಿ ಬಾಗಲಾ ಹಾಕ್ಕೊಂಡು ತನ್ನ ನಂಬರ್ ಕೂಡಿಸಾಕ ಕುಂತ್ಲು. ಒಂದೊಂದು ಒತ್ತಿದಾಗೂ ಟೀಂ ಅಂತ ಸಪ್ಪಳ, ತೆಳು ಗ್ವಾಡಿ, ಕೆಳಗಿನ ಹಾಲ್‌ತನಕಾ ಸ್ವಚ್ಛ ಕೇಳಸತಿತ್ತು. ತಟ್ಟನ ಕೆಳಗ ಟಿವಿ ಬೊಬ್ಬಿ ಹೊಡೀತು, ಕಿಟಕಿ ಗಾಜು ಅದುರೋವಷ್ಟು.

"ಯವ್ವಾ, ಯಾಕ ಇಷ್ಟ ಜೋರು?" ಅಂತ ರುದ್ರೇಶ ಕಿವಿ ಮುಚ್ಚಿಕೊಂಡು ಓಡಿ ಬಂದ.

ನಾಗವ್ವ ರಿಮೋಟ್ ಬಿಡಲಿಲ್ಲ. "ಟಿವಿ ಸಣ್ಣ ಮಾಡಿದ್ರ, ಎಷ್ಟ ಸಲ ಒತ್ತತಾಳ ಅಂತ ಎಣಿಸಿಬಿಡ್ತೀನೋ, ಹುಚ್ಚಪ್ಯಾಲಿ! ಆ ಆಫೀಸರ್ ಬಾಯಿ ಮತ್ತ ಬಂದು ಕೇಳಿದ್ರ, ಸುಳ್ಳು ಹೇಳಾಕ ಈ ಮನ್ಯಾಗ ಒಬ್ಬರಿಗಾದ್ರೂ ಬರತೈತೇನು?"