ಬೋಳು ಕಡ್ಡಿಯ ಪರವಾಗಿ

ನನ್ನ ಕೋಣೆಗೆ ಬರುವವರು ಕಡಿಮೆ. ಬಂದವರೆಲ್ಲರೂ ತಪ್ಪದೆ ಮಾಡುವ ಕೆಲಸ ಒಂದಿದೆ. ಕಿಟಕಿಯಲ್ಲಿರುವ ಬಳ್ಳಿಯ ಎಲೆಯನ್ನು ಚಿವುಟಿ ನೋಡುತ್ತಾರೆ. ಪ್ಲಾಸ್ಟಿಕ್ಕಲ್ಲ ಎಂದು ಖಾತ್ರಿಯಾದ ಮೇಲೆ "ಓ, ನಿಜವಾದದ್ದಾ!" ಎಂದು ನನ್ನ ಕಡೆ ತಿರುಗುತ್ತಾರೆ. ಆ ದನಿಯಲ್ಲಿ ಮೆಚ್ಚುಗೆಗಿಂತ ನಿರಾಸೆಯೇ ತುಸು ಹೆಚ್ಚು. ಪ್ಲಾಸ್ಟಿಕ್ ಆಗಿದ್ದರೆ ಎಲ್ಲಿ ಸಿಕ್ಕಿತು, ತೊಳೆಯಬಹುದೇ ಎಂದಾದರೂ ಮಾತು ಬೆಳೆಸಬಹುದಿತ್ತು. ಹೂ ಬಿಡದ ನಿಜವಾದ ಗಿಡದ ಬಗ್ಗೆ ಏನೆಂದು ಕೇಳುವುದು? ಅದರಲ್ಲೂ ಗಿಡದ ಒಡತಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿಯವಳಾದರೆ?

ಬಳ್ಳಿಯ ಹೆಸರು ಹೋಯ. ಇಂಗ್ಲೆಂಡಿನ ಯಾವುದೋ ಕಾಲದ ತೋಟಗಾರನ ಹೆಸರನ್ನು ಅವನ ಸ್ನೇಹಿತನೊಬ್ಬ ಇದಕ್ಕೆ ಇಟ್ಟನಂತೆ. ಆ ತೋಟಗಾರ ಕೊಳ್ಳೇಗಾಲಕ್ಕೆ ಬಂದಿದ್ದರೆ ತನ್ನ ಹೆಸರನ್ನು ತಾನೇ ಗುರುತಿಸುತ್ತಿರಲಿಲ್ಲ. ಇಲ್ಲಿ ಮಾತಿನ ಮೊದಲಲ್ಲಿ ಬರುವ ಹಕಾರಕ್ಕೆ ಹೆಚ್ಚು ಮರ್ಯಾದೆ ಇಲ್ಲ. ನಮ್ಮ ಮನೆಯ ಒಡತಿ ಪುಟ್ಟಮ್ಮಣ್ಣಿಯವರ ಬಾಯಲ್ಲಿ ಅದು "ಓಯ". ದೂರದಲ್ಲಿ ಹೋಗುತ್ತಿರುವವರನ್ನು ಕೂಗಿದ ಹಾಗೆ ಕೇಳಿಸುತ್ತದೆ.

ಊರು ನನಗೆ ಯಳಂದೂರು, ಪಾಠ ಮಾಡುವುದು ಹನೂರಿನ ಕಾಲೇಜಿನಲ್ಲಿ, ವಾಸ ಇವೆರಡರ ನಡುವೆ ಕೊಳ್ಳೇಗಾಲದಲ್ಲಿ, ಪುಟ್ಟಮ್ಮಣ್ಣಿಯವರ ಮನೆಯ ಮಹಡಿಯ ಮೇಲೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿ, ಒಂದು ಸಲ ಅವಳ ಮನೆಗೆ ಹೋದಾಗ, ತನ್ನ ಬಾಲ್ಕನಿಯ ಬಳ್ಳಿಯಿಂದ ಎರಡೆಲೆಯ ತುಂಡೊಂದನ್ನು ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಕೈಗಿಟ್ಟಳು. "ಇದನ್ನು ಜಾಸ್ತಿ ಮಾತಾಡಿಸಬೇಡ, ತನ್ನ ಪಾಡಿಗೆ ಬಿಡು. ನಿನಗೆ ಸರಿಹೋಗುತ್ತೆ" ಎಂದಳು. ಅದು ಹೊಗಳಿಕೆಯೋ ದೂರೋ ಎಂದು ಬಸ್ಸು ನರಸೀಪುರ ದಾಟುವವರೆಗೂ ಯೋಚಿಸಿದೆ.

ತನ್ನ ಪಾಡಿಗೆ ಬಿಡುವುದು ರಸಾಯನಶಾಸ್ತ್ರ ಓದಿದವರಿಗೆ ಸುಲಭವಲ್ಲ. ತೆಂಗಿನ ಸಿಪ್ಪೆಯ ಚೂರು, ಇಸ್ತ್ರಿ ಅಂಗಡಿಯ ಇದ್ದಿಲು, ಚೂರು ಗೊಬ್ಬರ ಇವನ್ನು ಇಂತಿಷ್ಟೇ ಎಂದು ಬೆರೆಸಿದೆ. ನೀರನ್ನು ಅಳತೆಯ ಗಾಜಿನಲ್ಲಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಅಳೆದು ಹಾಕಿದೆ. ಮೇಲೆ ಬಟ್ಟೆ ಒಣಹಾಕಲು ಬಂದ ಪುಟ್ಟಮ್ಮಣ್ಣಿಯವರು ಇದನ್ನು ನೋಡಿ ಬಕೆಟ್ಟು ಕೆಳಗಿಟ್ಟರು.

"ಕುಂಡದಲ್ಲಿ ಮಣ್ಣೇ ಇಲ್ವಲ್ಲವ್ವ! ಕೂಸ್ಗೆ ಔಸ್ದಿ ಕುಡುಸ್ದಂಗೆ ನೀರ್ ಕುಡುಸ್ತಿದ್ದೀಯಲ್ಲ, ಇದೇನ್ ಬಳ್ಳಿನಾ, ಬಾಣಂತಿನಾ?"

ಪುಟ್ಟಮ್ಮಣ್ಣಿಯವರ ತವರು ಧನಗೆರೆ. ರೇಷ್ಮೆ ಹುಳು ಸಾಕಿದ ಮನೆ. ಕೊಳ್ಳೇಗಾಲದ ಬಿಸಿಲಿಗೆ ನನ್ನ ಬಳ್ಳಿ ಎಲೆ ಮುದುಡಿಕೊಂಡು ಕೂತಾಗ ಅವರು ಹೇಳದೆ ಕೇಳದೆ ಒಂದು ಗೋಣಿತಾಟನ್ನು ನೀರಲ್ಲಿ ಅದ್ದಿ ತಂದು ಕಿಟಕಿಗೆ ಕಟ್ಟಿಬಿಟ್ಟರು. ಬೇಸಗೆಯಲ್ಲಿ ಹುಳುವಿನ ಮನೆಗೆ ಹಾಗೆ ಕಟ್ಟುತ್ತಾರಂತೆ, ಒಳಗೆ ತಂಪು ನಿಲ್ಲಲಿ ಎಂದು. ಬಳ್ಳಿ ವಾರದಲ್ಲಿ ಎದ್ದು ಕೂತಿತು. ನನ್ನ ಕೋಣೆಗೆ ಮಾತ್ರ ಒದ್ದೆ ಗೋಣಿಯ ವಾಸನೆ ಹತ್ತಿತು. ಆ ವಾಸನೆಯಲ್ಲೇ ಒಂದು ಬೇಸಗೆಯಿಡೀ ಉತ್ತರ ಪತ್ರಿಕೆ ತಿದ್ದಿದೆ. "ವಾಸ್ನೆ ಬತ್ತದಾ?" ಎಂದು ಅವರು ಕೇಳಿದಾಗ "ಪರವಾಗಿಲ್ಲ ಆಂಟಿ" ಎಂದೆ. ನಾನು ಜೀವನದಲ್ಲಿ ಅತಿ ಹೆಚ್ಚು ಬಳಸಿರುವ ಪದ ಇದೇ ಇರಬೇಕು. ಬಸ್ಸಿನಲ್ಲಿ ಕಾಲು ತುಳಿದವರಿಗೆ, ಕಾಫಿಗೆ ಸಕ್ಕರೆ ಮರೆತವರಿಗೆ, ನನ್ನ ಹೆಸರನ್ನು ತಪ್ಪಾಗಿ ಕರೆಯುವ ಸಹೋದ್ಯೋಗಿಗೆ, ಎಲ್ಲರಿಗೂ ಅದನ್ನು ಧಾರಾಳವಾಗಿ ಹಂಚಿದ್ದೇನೆ.

ಒಂದು ದಿನ ಅತಿಥಿಯೊಬ್ಬರ ಉಗುರು ಜೋರಾಗಿಯೇ ತಾಗಿ ಎಲೆಯಿಂದ ಬೆಳ್ಳಗೆ ಹಾಲು ಜಿನುಗಿತು. ಪುಟ್ಟಮ್ಮಣ್ಣಿಯವರು ಬಗ್ಗಿ ನೋಡಿ, "ಆಲು ಬತ್ತದೆ. ಎಕ್ಕದ ಕಡೇರು ಕಣವ್ವ ಇವ್ರು" ಎಂದರು. ಪುಸ್ತಕ ತೆಗೆದು ನೋಡಿದರೆ ಹೌದು, ಎರಡೂ ಒಂದೇ ಕುಟುಂಬ. ಹನೂರಿನ ದಾರಿಯ ಬದಿಯಲ್ಲಿ ಯಾರೂ ನೀರೆರೆಯದೆ, ಲಾರಿಗಳ ಧೂಳು ಕುಡಿದು ಬೆಳೆಯುವ ಎಕ್ಕ ಶನಿವಾರ ಬಂತೆಂದರೆ ಹಾರವಾಗಿ ಹನುಮಂತರಾಯನ ಕೊರಳೇರುತ್ತದೆ. ಬಿಳಿಗಿರಿ ಬೆಟ್ಟದ ಮರಗಳ ಮೇಲೂ ಹೋಯದ ನೆಂಟರು ಇದ್ದಾರೆಂದು ಕೇಳಿದ್ದೇನೆ, ಕಣ್ಣಾರೆ ಕಂಡಿಲ್ಲ. ಇಷ್ಟು ದೊಡ್ಡ ಬಳಗದಲ್ಲಿ ಅಳತೆಯ ಗಾಜಿನಲ್ಲಿ ನೀರು ಕುಡಿದು ಒಂದೇ ಒಂದು ಹೂವನ್ನೂ ಬಿಡದೆ ಕೂತಿದ್ದು ನನ್ನ ಮನೆಯದೊಂದೇ.

ಹೋಯ ಬೆಳೆಯುವ ರೀತಿ ವಿಚಿತ್ರ. ಬೇರೆ ಬಳ್ಳಿಗಳು ಎಲೆ ಬಿಡುತ್ತಾ ಮುಂದೆ ಹೋದರೆ, ಇದು ಮೊದಲು ಎಲೆಯೇ ಇಲ್ಲದ ಉದ್ದನೆಯ ಬೋಳು ಕಡ್ಡಿಯೊಂದನ್ನು ಗಾಳಿಯಲ್ಲಿ ಚಾಚುತ್ತದೆ. ಕತ್ತಲಲ್ಲಿ ಸ್ವಿಚ್ಚು ಹುಡುಕುವ ಕೈಯಂತೆ ಅದು ತಿಂಗಳುಗಟ್ಟಲೆ ತಡಕಾಡುತ್ತದೆ. ಹಿಡಿತ ಸಿಕ್ಕಮೇಲೆ ನಿಧಾನವಾಗಿ ಎಲೆ, ಆಮೇಲೆ ಹೂವಿನ ಮಾತು. ತಿಳಿಯದವರ ಕಣ್ಣಿಗೆ ಅದು ಒಣಗಿದ ಕಡ್ಡಿ, ನನ್ನ ಕಣ್ಣಿಗೆ ಬರಲಿರುವ ವರ್ಷ.

ಹೋದ ವರ್ಷ ಯುಗಾದಿಗೆ ಊರಿಗೆ ಹೋಗುವಾಗ ಕೋಣೆಯ ಬೀಗದ ಕೈಯನ್ನು ಪುಟ್ಟಮ್ಮಣ್ಣಿಯವರಿಗೆ ಕೊಟ್ಟು, ಗಿಡಕ್ಕೆ ನೀರು ಹಾಕಲು ಹೇಳಿದ್ದೆ. ವಾಪಸು ಬಂದಾಗ ಬಾಗಿಲಲ್ಲೇ ನಿಂತು ಬೀಗಿದರು.

"ನಿನ್ ಬಳ್ಳಿಗೊಂದ್ ಗತಿ ಕಾಣುಸ್ದೆ ನೋಡು. ಬೋಳ್ ಕಡ್ಡಿಗಳು ಎತ್ಲಾಗ್ಬೇಕಾದ್ರೂ ಅತ್ಲಾಗ್ ಓಗಿದ್ವು. ಎಲ್ಲಾನೂ ಸವರ್ದೆ. ಸವರುದ್ರೆ ತಾನೆ ಚಿಗುರೋದು?"

ಅವರ ತಪ್ಪೇನಿಲ್ಲ. ಹಿಪ್ಪುನೇರಳೆ ಬೆಳೆದವರಿಗೆ ಅದೇ ಧರ್ಮ. ಒಂದು ಬೆಳೆ ಸೊಪ್ಪು ಮುಗಿಯಿತೆಂದರೆ ಗಿಡವನ್ನು ಬುಡದವರೆಗೆ ಸವರುತ್ತಾರೆ. ಸವರಿದಷ್ಟೂ ಹುಮ್ಮಸ್ಸಿನಿಂದ ಚಿಗುರುತ್ತದೆ. ಪ್ರೀತಿ ಹೆಚ್ಚಾದಷ್ಟೂ ಕುಡುಗೋಲು ಕೆಳಗಿಳಿಯುತ್ತದೆ. ನನ್ನ ಬಳ್ಳಿಯ ಮೇಲೆ ಅವರಿಗೆ ಬಹಳ ಪ್ರೀತಿಯಿತ್ತು ಎಂಬುದಕ್ಕೆ ಕಿಟಕಿಯೇ ಸಾಕ್ಷಿ. ಒಂದು ಕಡ್ಡಿಯೂ ಉಳಿದಿರಲಿಲ್ಲ.

ನಾನು ಏನೆಂದಿರಬಹುದು ಎಂದು ನಿಮಗೆ ಗೊತ್ತು. "ಪರವಾಗಿಲ್ಲ ಆಂಟಿ."

ಆ ವರ್ಷ ಹೂವಿನ ಸುದ್ದಿಯೇ ಇರಲಿಲ್ಲ. ಬಳ್ಳಿ ಮತ್ತೆ ಮೊದಲಿನಿಂದ ತಡಕಾಡಲು ಶುರುಮಾಡಿತು. ಯುಗಾದಿ ಮತ್ತೆ ಬಂದಾಗ ನಾನು ಊರಿಗೆ ಹೋದದ್ದು ಹಬ್ಬದ ಬೆಳಿಗ್ಗೆ, ಬಂದದ್ದು ಅದೇ ಸಂಜೆ. "ಕಾಲೇಜಲ್ಲಿ ಕೆಲಸ" ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಕಡ್ಡಿ ಕಾಯಲು ಹೋಗುತ್ತಿದ್ದೇನೆ ಎನ್ನಲಾಗುತ್ತದೆಯೇ?

ಈ ಸಲ ಭರಣಿ ಮಳೆ ಎರಡು ಹನಿ ಬಿದ್ದ ಮೇಲೆ ಒಂದು ಕಡ್ಡಿಯ ಗೆಣ್ಣಿನಲ್ಲಿ ಬೆರಳುದ್ದದ ತೊಟ್ಟು ಕಂಡಿತು. ಅದರ ತುದಿಯಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳ ಗೊಂಚಲು. ಮೊಗ್ಗು ಕಚ್ಚಿದ ಹೋಯವನ್ನು ಜರುಗಿಸಬಾರದು, ತಿರುಗಿಸಲೂಬಾರದು; ಮುನಿಸಿಕೊಂಡು ಎಲ್ಲವನ್ನೂ ಉದುರಿಸಿಬಿಡುತ್ತದೆ. ಹಾಗಾಗಿ ಆ ಕಿಟಕಿಯನ್ನು ಮುಚ್ಚುವುದನ್ನೇ ಬಿಟ್ಟೆ. ಸೊಳ್ಳೆಗಳು ಬಂದವು. ಅವಕ್ಕೂ ಪರವಾಗಿಲ್ಲ ಎಂದೆ.

ಮೊಗ್ಗು ಅರಳಿದ ಸಂಜೆ ಬಾಗಿಲು ತೆಗೆದಾಗ ಕೋಣೆಯೊಳಗೆ ಯಾರೋ ಇದ್ದಾರೆ ಅನ್ನಿಸಿತು, ಅಷ್ಟು ತುಂಬಿತ್ತು ಪರಿಮಳ. ನಸುಗೆಂಪಿನ, ಮೇಣದಲ್ಲಿ ಎರಕ ಹೊಯ್ದಂಥ ಪುಟ್ಟ ನಕ್ಷತ್ರಗಳು. ಪ್ರತಿಯೊಂದರ ನಡುವೆ ಇನ್ನೊಂದು ಕಡುಗೆಂಪು ನಕ್ಷತ್ರ, ಅದರ ಮೇಲೊಂದು ಜೇನಿನ ಹನಿ. ಎಲ್ಲ ಸೇರಿ ಅಂಗೈಯಗಲದ ಗುಂಡು ಗೊಂಚಲು. ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೋ ಇಲ್ಲವೋ. ನಾನೂ ಒಂದು ಹೂವನ್ನು ಮೆಲ್ಲಗೆ ಚಿವುಟಿ ನೋಡಿದೆ, ಆಗ ಯಾರೂ ನೋಡಲಿಲ್ಲವಾದ್ದರಿಂದ ಈಗ ಹೇಳಿಕೊಳ್ಳಬಹುದು.

ಪರಿಮಳ ಮೆಟ್ಟಿಲಿಳಿದು ಕೆಳಗೆ ಹೋಯಿತು. ಅದರ ಜಾಡು ಹಿಡಿದು ಪುಟ್ಟಮ್ಮಣ್ಣಿಯವರು ಮೇಲೆ ಬಂದರು. ಗೊಂಚಲನ್ನು ನೋಡಿ ಅವರ ಮುಖವೂ ಅರಳಿತು.

"ಅಯ್ ಶಿವ್ನೆ, ಒಳ್ಳೆ ಒತ್ತಿಗೇ ಊ ಬುಟ್ಟದೆ! ನಮ್ ಸುಮಂಗೆ ನಾಳಿದ್ದು ಊ ಮುಡ್ಸಕ್ಕೆ ಅಜ್ಜೀಪುರದ ಬೀಗ್ರು ಬತ್ತಾವ್ರೆ. ಇದ್ನ ಕಡ್ಡಿ ಸಮೇತ ಕುಯ್ದು ಜಡೆಗೆ ಸಿಕ್ಕುಸ್ಬುಟ್ರೆ ಎಂಗಿರ್ತದೆ ಏಳು!"

ಸುಮ ಅವರ ಒಬ್ಬಳೇ ಮಗಳು. ಗಂಡಿನ ಕಡೆಯ ಹೆಂಗಸರು ಬಂದು ಹುಡುಗಿಗೆ ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದ ಹಾಗೆ. ಅಂಥ ದಿನಕ್ಕೆ ಹೂ ಕೇಳಿದವರಿಗೆ ಇಲ್ಲ ಎನ್ನುವವರು ನಮ್ಮ ಕಡೆ ಹುಟ್ಟಿಲ್ಲ. ಹೂವಿನ ಮೇಲೆ ನನಗೆ ಆಸೆಯಿಲ್ಲವೆಂದಲ್ಲ, ಆದರೂ ಕೊಡಬಲ್ಲೆ. ಕೊಡಲಾರದ್ದು ಆ ತೊಟ್ಟನ್ನು. ಹೋಯದ ಹೂ ಉದುರಿದರೂ ತೊಟ್ಟು ಉದುರುವುದಿಲ್ಲ. ಬೋಳಾಗಿ, ಒಣಗಿದಂತೆ ಅಲ್ಲೇ ನಿಂತಿದ್ದು, ಮರುವರ್ಷ ಅದರ ತುದಿಯಲ್ಲೇ ಮತ್ತೆ ಮೊಗ್ಗು ಬರುತ್ತದೆ. ಅದನ್ನು ಕುಯ್ದರೆ ಬಳ್ಳಿ ಮತ್ತೆ ಗಾಳಿಯಲ್ಲಿ ಕೈ ಚಾಚಿಕೊಂಡು ಮೊದಲಿನಿಂದ ಹುಡುಕಬೇಕು.

"ಪರ..." ಎಂದು ನನ್ನ ನಾಲಿಗೆ ಹೊರಟಿತು. ಅಷ್ಟರಲ್ಲಿ ಕೆಳಗೆ ಕುಕ್ಕರ್ ಕೂಗಿತು, ಅವರು ಓಡಿದರು. ಕುಕ್ಕರಿಗೆ ನಾನು ಋಣಿ.

ಮರುದಿನ ಬೆಳಿಗ್ಗೆ, ಯಾರೂ ಕರೆಯದೆ ನಾನಾಗಿ, ಮಾತಾಡಲೆಂದೇ ಕೆಳಗಿಳಿದೆ. ಈ ಮನೆಗೆ ಬಂದ ಮೇಲೆ ಅದೇ ಮೊದಲು. ಬೀಗರ ಊಟಕ್ಕೆಂದು ಪುಟ್ಟಮ್ಮಣ್ಣಿಯವರು ಜಗುಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಮೆಟ್ಟಿಲ ಮೇಲೆ ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಜಗುಲಿಯಲ್ಲಿ ಕಾಣೆಯಾದವು.

"ಆಂಟಿ, ನನಗೆ ಕಡ್ಡಿ ಬೇಕು" ಎಂದೆ.

"ಕಡ್ಡಿನಾ? ಬೆಂಕಿ ಕಡ್ಡಿನಾ?"

"ಅಲ್ಲ, ಹೂವಿನ ತೊಟ್ಟು. ಬರೋ ವರ್ಷವೂ ಅದರಲ್ಲೇ ಹೂ ಬರೋದು. ಕುಯ್ದರೆ ಬರಲ್ಲ."

ಅವರ ಕೈ ಮೊರದ ಮೇಲೆ ನಿಂತಿತು. ನನ್ನನ್ನೇ ನೋಡಿದರು. "ಅಂಗಾರೆ ಓದ್ವರ್ಸ ನಾನು ಸವರ್ದ್ನಲ್ಲ, ಅದು?"

ನಾನು ಬಗ್ಗಿ ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಹೊರಗೆಸೆದೆ.

"ಥೂ ನಿನ್ನ! ಒಂದ್ ಮಾತ್ ಏಳ್ಬಾರ್ದಾ? ನಂಗೇನ್ ಕನಸ್ ಬಿದ್ದಿತ್ತಾ? ರೇಸ್ಮೆ ಉಳನಾದ್ರೂ ಅಸ್ವಾದ್ರೆ ತಲೆ ಎತ್ತಿ ಆಡುಸ್ತದೆ ಕಣವ್ವ, ನಾವು ಸೊಪ್ಪು ಆಕ್ತೀವಿ. ನೀನು ಅಸ್ಟೂ ಮಾಡ್ನಿಲ್ವಲ್ಲ!" ಎಂದು ಬೈದರು. ಬೈದ ಮೇಲೆ ನಕ್ಕರು. "ಆಯ್ತು ಬುಡು. ಕಡ್ಡಿ ನಿಂಗೆ, ಊವು ನಂಗೆ."

ಪಾಲು ಎಷ್ಟು ಸಲೀಸಾಗಿ ಮುಗಿಯಿತು! ಗೊಂಚಲಿನ ಪ್ರತಿ ಹೂವಿಗೂ ಮಲ್ಲಿಗೆಗಿರುವಂತೆ ತನ್ನದೇ ಸಣ್ಣ ಕಾಲಿದೆ. ಹೂ ಮುಡಿಸುವ ದಿನ ಬೆಳಿಗ್ಗೆ ನಾನು ತೊಟ್ಟಿಗೆ ನೋವಾಗದಂತೆ ಒಂದೊಂದನ್ನೇ ಬಿಡಿಸಿ ಕೊಟ್ಟೆ, ಅವರು ಬಾಳೆನಾರಿನಲ್ಲಿ ಕಟ್ಟಿದರು. ಕೈಗೆಲ್ಲ ಜೇನು ಅಂಟಿತು. ಇರುವೆಗಳೂ ಬೀಗರ ಹಾಗೆ ಸಾಲಾಗಿ ಬಂದವು. ನಡುವೆ ಮಲ್ಲಿಗೆ ಸೇರಿಸಿ ಕಟ್ಟಿದ ಆ ದಂಡೆ ಸುಮಳ ಜಡೆಯ ಮೇಲೆ ಕೂತಾಗ, ಇದು ಕುಂಡದಲ್ಲಿ ಕೂತಿದ್ದ ಹೂವೇ ಎಂದು ನನಗೇ ಅನುಮಾನವಾಯಿತು.

ಅನುಮಾನ ನನ್ನೊಬ್ಬಳದಾಗಿರಲಿಲ್ಲ. ಅಜ್ಜೀಪುರದಿಂದ ಬಂದ ಹುಡುಗನ ಅಜ್ಜಿ ತಾವು ತಂದ ಹೂವನ್ನು ಮುಡಿಸಲು ಸುಮಳ ಹಿಂದೆ ನಿಂತವರು ಕೈ ತಡೆದರು.

"ಏನವ್ವ ಇದು, ಪ್ಲಾಸ್ಟಿಕ್ ಊವ ಮುಡ್ಸಿದ್ದೀರಿ? ಒಳ್ಳೆ ದಿನದಲ್ಲಿ ನಿಜ್ವಾದ್ ಊವ ಸಿಕ್ನಿಲ್ವಾ?"

ಚಾಪೆಯ ಮೇಲಿದ್ದವರೆಲ್ಲ ಜಡೆಯತ್ತ ಕತ್ತು ಚಾಚಿದರು. ಪುಟ್ಟಮ್ಮಣ್ಣಿಯವರ ಮುಖ ಸಣ್ಣದಾಯಿತು. ಯಾವ ಜಗಳಕ್ಕೂ ಹೆದರದ ಅವರು ಬೀಗರ ಎದುರು ಬಾಯಿ ಬಾರದೆ, ಬಾಗಿಲ ಬಳಿ ಗೋಡೆಯೊಳಕ್ಕೆ ಸೇರಿಹೋಗುವಂತೆ ನಿಂತಿದ್ದ ನನ್ನ ಕಡೆ ನೋಡಿದರು. ಅಷ್ಟು ಜನರ ಕಣ್ಣು ಅವರ ನೋಟದ ಹಿಂದೆಯೇ ಬಂತು.

"ನಿಜವಾದ ಹೂವೇ ಅಜ್ಜಿ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಬೇಕಿದ್ದರೆ ಚಿವುಟಿ ನೋಡಿ."

ಚಿವುಟುವವರನ್ನು ಕಂಡರಾಗದ ನನ್ನ ಬಾಯಿಂದ ಆ ಮಾತು! ಅಜ್ಜಿ ಚಿವುಟಿದರು. ಬೆರಳು ಅಂಟಿತು. ಮೂಸಿದರು, ಆಮೇಲೆ ಮಗುವಿನಂತೆ ನಾಲಿಗೆಗೆ ತಗುಲಿಸಿಕೊಂಡರು.

"ಜೇನು ಕಣ್ಲಾ!" ಎಂದು ಚಾಪೆಯ ತುದಿಯಲ್ಲಿ ಕೂತಿದ್ದ ಮೊಮ್ಮಗನ ಕಡೆ ತಿರುಗಿದರು. "ಊವಲ್ಲೇ ಜೇನು ಮಡ್ಗವ್ರೆ. ಒಳ್ಳೆ ಮನೆ ಎಣ್ಣು ತಕಂಡೆ ಬುಡು!"

ಮನೆಯೆಲ್ಲ ನಗು. ಹೋಗುವಾಗ ಅಜ್ಜಿ ನನ್ನ ಕೈ ಹಿಡಿದು ಹೇಳಿದರು, "ಮದ್ವೇಲಿ ಈ ಕೂಸಿನ ಜೊತ್ಗೆ ನಂಗೂ ಒಂದ್ ತುಂಡ್ ಬಳ್ಳಿ ಕಳ್ಸವ್ವ."

ಈಗ ಕಿಟಕಿಯಲ್ಲಿ ಆ ತೊಟ್ಟು ಬೋಳಾಗಿ ನಿಂತಿದೆ. ಬಂದವರು ಎಲೆ ಚಿವುಟಲು ಕೈ ಚಾಚಿದರೆ ಪುಟ್ಟಮ್ಮಣ್ಣಿಯವರು ಹಿಂದಿನಿಂದ ಗದರುತ್ತಾರೆ: "ಎಲೆ ಏನಾರ ಮಾಡ್ಕೊಳ್ಳಿ, ಆ ಕಡ್ಡಿ ಮುಟ್ಟಂಗಿಲ್ಲ. ಅದು ನಮ್ ಮೇಡಮ್ನೋರ್ದು." ಪಕ್ಕದಲ್ಲಿ ಒಂದು ಬಾಟಲಿಯ ನೀರಿನಲ್ಲಿ ಎರಡೆಲೆಯ ತುಂಡು ಬೇರು ಬಿಡುತ್ತಿದೆ, ಅಜ್ಜೀಪುರಕ್ಕೆಂದು.

ಅದನ್ನು ನೋಡಲು ಸುಮ ದಿನವೂ ಮೇಲೆ ಬರುತ್ತಾಳೆ. ಹೇಗೆ ಸಾಕಬೇಕು ಎಂದು ಮೊನ್ನೆ ಕೇಳಿದಳು. ನೀರಿನ ಅಳತೆ, ಇದ್ದಿಲಿನ ಪಾಲು, ಬೆಳಕಿನ ದಿಕ್ಕು ಇವನ್ನೆಲ್ಲ ಹೇಳಲು ಬಾಯಿ ತೆರೆದವಳು ಬಿಟ್ಟುಬಿಟ್ಟೆ. ಬಳ್ಳಿ ಅವೆಲ್ಲವನ್ನೂ ತಾನೇ ಸಂಭಾಳಿಸಿಕೊಳ್ಳುತ್ತದೆ.

"ಅಲ್ಲಿ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಬೋಳು ಕಡ್ಡಿ ಸವರಲು ಬಂದರೆ, ಪರವಾಗಿಲ್ಲ ಅನ್ನಬೇಡ" ಎಂದೆ.

ಮೆಟ್ಟಿಲ ಕೆಳಗಿನಿಂದ ಅವಳ ಅಮ್ಮನ ಧ್ವನಿ ಕೇಳಿಸಿತು.

"ಏಳ್ತಾವ್ರೆ ನೋಡು ಯಾರು!"