ಟವೆಲ್ಲಿನೊಳಗಿನ ಮಾತು

ನಮ್ಮ ಓಣಿಯ ಅಜ್ಜ ಎತ್ತಿನ ಸಂತೆಯ ದಲ್ಲಾಳಿ. ಕೈಗಳ ಮೇಲೆ ಟವೆಲ್ ಮುಚ್ಚಿ, ಅದರೊಳಗೆ ಬೆರಳು ಒತ್ತಿ ದರ ಹೇಳಿ, ಸುತ್ತ ನಿಂತವರಿಗೆ ತಿಳಿಯದಂತೆ ವ್ಯಾಪಾರ ಕುದುರಿಸುವವನು. ಏನೇ ಕೊಳ್ಳಲಿ, "ಬಣ್ಣ ನೋಡಬ್ಯಾಡ, ಹೆಗಲು ನೋಡು" ಅನ್ನುತ್ತಿದ್ದ.

ಮೊಣಕಾಲು ಸೋತ ಮೇಲೆ, ತನಗೊಂದು ವೃದ್ಧಾಶ್ರಮ ನೋಡಲು ನನ್ನ ಬೈಕ್ ಹತ್ತಿ ಕೊಟ್ಟೂರಿಗೆ ಬಂದ. ಅಲ್ಲಿನ ಮ್ಯಾನೇಜರ್ ಟೈಲ್ಸ್ ತೋರಿಸಿದರು, ಟಿ.ವಿ. ತೋರಿಸಿದರು. "ಬರೇ ಬಣ್ಣ," ಎಂದು ಅಜ್ಜ ನನ್ನ ಕಿವಿಯಲ್ಲಿ ಗೊಣಗಿದ. ಆಮೇಲೆ ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಮುದುಕನೊಬ್ಬನ ಮಂಚದ ಮೇಲೆ ಕೂತು, ಅವನ ಕೈಗೆ ಟವೆಲ್ ಹೊದಿಸಿ, ತನ್ನ ಕೈಯನ್ನೂ ಒಳಗಿಟ್ಟ.

"ಚೊಲೋ ನೋಡ್ಕೊಂತಾರೇನಪಾ ಯಜಮಾನ? ಹೌದಂದ್ರ ಬೆರಳು ಒತ್ತು. ಇವರಿಗೆ ಕಾಣಂಗಿಲ್ಲ."

ಟವೆಲ್ ಅಲುಗಿತು.

"ವ್ಯಾಪಾರ ಆತ್ರಿ," ಎಂದ ಅಜ್ಜ ಮ್ಯಾನೇಜರಿಗೆ. "ನನ್ನ ಮಂಚ ಇಲ್ಲೇ ಮಗ್ಗಲಿಗೆ ಹಾಕ್ರಿ."

ಮುದುಕನ ಬೆರಳು ಮಾತ್ರ ಇನ್ನೂ ಅಜ್ಜನ ಕೈ ಬಿಟ್ಟಿರಲಿಲ್ಲ.