ಅಥಣಿ ಲಾಡ್ಜಿನಲ್ಲಿ ನನ್ನ ಡಬ್ಬಿ

ಅಥಣಿಯ ಆ ಲಾಡ್ಜಿನ ಮ್ಯಾನೇಜರ್ ವೈಫೈ ಪಾಸ್‌ವರ್ಡನ್ನು ಯಾರಿಗೂ ಹೇಳುತ್ತಿರಲಿಲ್ಲ. ಬಂದವರ ಫೋನು ಇಸಿದುಕೊಂಡು, ಅಂಗೈ ಅಡ್ಡ ಹಿಡಿದು, ತಾನೇ ಒತ್ತಿ ಕೊಡುತ್ತಿದ್ದ. ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪೈಪು ಮಾರಲು ಊರೂರು ತಿರುಗುವ ನಾನು ನೆಟ್‌ನ ವಿಡಿಯೋ ನೋಡಲು ಟಿವಿಗೆ ಸಿಕ್ಕಿಸುವ ಕಡ್ಡಿಯನ್ನೂ, ಅದಕ್ಕೆ ನೆಟ್ ಹಂಚುವ ಪುಟ್ಟ ರೌಟರ್ ಡಬ್ಬಿಯನ್ನೂ ಜೊತೆಗೇ ಒಯ್ಯುತ್ತೇನೆ. ಡಬ್ಬಿಗೆ ಒಮ್ಮೆ ಲಾಡ್ಜಿನ ವೈಫೈ ಸಿಕ್ಕರೆ ಮುಗಿಯಿತು. ಸಿಗಬೇಕಲ್ಲ! "ಕೆಳಗ ತರ್ರಿ" ಎಂದು ಹಟ ಹಿಡಿದವನನ್ನು ಗೋಗರೆದು ರೂಮಿಗೆ ಕರೆತಂದೆ. ಡಬ್ಬಿಯ ಸೆಟ್ಟಿಂಗ್ ತೆರೆದಿಟ್ಟ ನನ್ನ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದ. ಟಿವಿಯಲ್ಲಿ ಕುಸ್ತಿ ಶುರುವಾಯಿತು.

"ಈ ಡಬ್ಬಿಗೆ ಪಾಸ್‌ವರ್ಡ್ ಇಲ್ಲೇನ್ರಿ?" ಎಂದು ಕೇಳಿದ.

"ಯಾಕ್ ಬೇಕ್ರಿ? ನಾನೊಬ್ಬನ ಇದ್ದೀನಿ," ಎಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಹತ್ತು ನಿಮಿಷಕ್ಕೆ, ಎದುರಾಳಿಯನ್ನು ಎತ್ತಿದ ಪೈಲ್ವಾನ ಎತ್ತಿಕೊಂಡೇ ನಿಂತುಬಿಟ್ಟ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಜಗಳಕ್ಕೆಂದೇ ಧಡಧಡ ಕೆಳಗಿಳಿದೆ. ಕೌಂಟರಿನ ಮುಂದೆ ಲಾಡ್ಜಿಗೆ ಬಂದವರೆಲ್ಲ ಫೋನಿನಲ್ಲಿ ಮುಳುಗಿದ್ದರು.

"ನಿಮ್ಮ ಡಬ್ಬಿ ಭಾಳ ಛಲೋ ಐತ್ರಿ ಸಾಹೇಬ್ರ," ಎಂದ ಮ್ಯಾನೇಜರ್. "ಅದರ ನೆಟ್ ಇಲ್ಲೀತನಕ ಬರತೈತಿ. ಎಲ್ಲಾರಿಗೂ ಅದನ್ನ ಹಚ್ಚಕೋರಿ ಅಂದೆ. ನಿಮ್ಮದ ಆದಮ್ಯಾಲ ಒಬ್ಬರ ಫೋನೂ ಮುಟ್ಟಿಲ್ರಿ. ಮುಂದಿನ ಸಲ ಬರೂವಾಗ ಡಬ್ಬಿ ಮರೀಬ್ಯಾಡ್ರಿ ಮತ್ತ."